ಕೊಡಗಿನ ಮನೆಯಂಗಳದ ಹುಲ್ಲುಹಾಸಿನಲ್ಲಿ ಕಳೆ ನಿಯಂತ್ರಣ

ಕೊಡಗಿನಲ್ಲಿ ಹುಲ್ಲುಹಾಸು ಬೆಳೆಸುವುದಕ್ಕೆ ಹೆಚ್ಚು ಶ್ರಮ ಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ನೆಟ್ಟದ್ದೂ ಬೆಳೆಯುತ್ತದೆ, ನೆಡದಿದ್ದದ್ದೂ ಬೆಳೆಯುತ್ತದೆ. ಈ ಎರಡನೆಯದನ್ನು ತೆಗೆಯಲು ಹೊರಡುವ ಮೊದಲು ಗಿಡವನ್ನು ಬುಡಸಹಿತ ಕಿತ್ತು, ಅದು ನೆಲದೊಳಗೆ ಇಟ್ಟುಕೊಂಡಿರುವುದು ತಾಯಿಬೇರೋ, ಗಡ್ಡೆಯೋ, ಗೆಣ್ಣುಗೆಣ್ಣಿಗೆ ಬೇರೂರುವ ಬಳ್ಳಿಯೋ ಎಂದು ನೋಡಿಕೊಳ್ಳಬೇಕು. ಉಪಾಯ ನಿರ್ಧಾರವಾಗುವುದು ಅಲ್ಲಿಯೇ.

ಎಲ್ಲಕ್ಕಿಂತ ಹಟಮಾರಿಯಾದದ್ದು ಕೊನ್ನಾರಿ ಗಡ್ಡೆ, ಅಂದರೆ ಜೇಕು. ನೋಡಲು ಹುಲ್ಲಿನಂತೆಯೇ ಇದ್ದರೂ ಇದು ಹುಲ್ಲಿನ ಕುಲದ್ದಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ಕೈಗೆ ಹತ್ತುತ್ತವೆ. ಕೈಯಿಂದ ಜಗ್ಗಿದರೆ ಎಲೆಗಳಷ್ಟೇ ಕಿತ್ತುಬಂದು, ಕಡಲೆಬೀಜದ ಗಾತ್ರದ ಕಪ್ಪು ಗಡ್ಡೆ ಒಳಗೇ ಉಳಿಯುತ್ತದೆ. ಆ ಗಡ್ಡೆಗಳು ತೆಳುವಾದ ನಾರಿನಿಂದ ಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಸರ ತುಂಡಾಗದಿರುವಾಗ ಹಿಂದಿನ ಗಡ್ಡೆಗಳಲ್ಲಿ ಹಲವು ಸುಮ್ಮನೆ ಮಲಗಿರುತ್ತವೆ. ಗುದ್ದಲಿಯಿಂದ ಅಡ್ಡಾದಿಡ್ಡಿ ಕೊಚ್ಚಿದರೆ ಬೇರ್ಪಟ್ಟ ಗಡ್ಡೆಗಳು ತಾವೂ ಚಿಗುರುತ್ತವೆ. ಆದ್ದರಿಂದ ಕಿರುಗುದ್ದಲಿಯನ್ನು ಗಿಡದಿಂದ ಸ್ವಲ್ಪ ದೂರದಲ್ಲಿ ಸುಮಾರು 15 ಸೆಂ.ಮೀ. ಆಳಕ್ಕೆ ಇಳಿಸಿ, ಮಣ್ಣಿನ ಹೆಂಟೆಯನ್ನೇ ಎತ್ತಿ, ಗಡ್ಡೆಗಳನ್ನು ಬೆರಳಿನಿಂದ ಆರಿಸಿ ತೆಗೆಯಬೇಕು. ಮತ್ತೆ ಚಿಗುರಿದವು ಐದಾರು ಎಲೆ ಬಿಡುವ ಮುನ್ನವೇ ಅವನ್ನು ಕೀಳುತ್ತ ಬಂದರೆ, ಹೊಸ ಗಡ್ಡೆ ಕಟ್ಟುವ ಅವಕಾಶ ಸಿಗದೆ ಹಳೆಯದರ ಕಸುವೂ ಬತ್ತುತ್ತದೆ. ಒಂದೇ ಮಳೆಗಾಲದಲ್ಲಿ ಇದು ಮುಗಿಯುವ ಕೆಲಸವಲ್ಲ.

ಮುಟ್ಟಿದರೆ ಮುನಿ ಬರಿಗಾಲಿನವರಿಗೆ ಬೇಗ ಪತ್ತೆಯಾಗುವ ಕಳೆ. ಇದರ ತಾಯಿಬೇರು ಗಟ್ಟಿಯಾಗಿರುವುದರಿಂದ, ಒಂದೆರಡು ಮಳೆ ಬಿದ್ದು ನೆಲ ಮೆದುವಾದ ಮರುದಿನ ದಪ್ಪ ಕೈಗವಸು ತೊಟ್ಟು, ಹಳೆಯ ಚಾಕುವನ್ನು ಬುಡದ ಪಕ್ಕ ಓರೆಯಾಗಿ ತೂರಿಸಿ ಮೇಲೆತ್ತಬೇಕು. ಗುಲಾಬಿ ಬಣ್ಣದ ಹೂಗುಂಡು ಕಂಡ ಕೂಡಲೇ ಕೀಳುವುದು ಮುಖ್ಯ, ಏಕೆಂದರೆ ಮಣ್ಣಿಗೆ ಉದುರಿದ ಬೀಜಗಳು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ.

ಹಬ್ಬುವ ಜಾತಿಯಲ್ಲಿ ಒಂದೆಲಗ ಮತ್ತು ಹುಳಿಸೊಪ್ಪು ಪ್ರಮುಖವಾದವು. ಒಂದೆಲಗವನ್ನು ಕಳೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಚಟ್ನಿಗೆ ಬೇಕಾದಷ್ಟನ್ನು ಒಂದು ಮೂಲೆಯಲ್ಲಿ ಬಿಟ್ಟುಕೊಂಡು, ಉಳಿದದ್ದನ್ನು ಪ್ರತಿ ಗೆಣ್ಣಿನ ಬೇರು ಸಹಿತ ಬಿಡಿಸಿ ತೆಗೆಯುತ್ತೇನೆ. ಹುಳಿಸೊಪ್ಪಿನ ಕಾಯಿ ಬಲಿತ ಮೇಲೆ ಮುಟ್ಟಿದರೆ ಸಿಡಿದು ಬೀಜಗಳನ್ನು ಸುತ್ತಲೂ ಎರಚುತ್ತದೆ, ಹಾಗಾಗಿ ಹಳದಿ ಹೂವಿರುವಾಗಲೇ ಅದನ್ನು ತೆಗೆಯಬೇಕು. ಕಾರು ತಿರುಗಿಸುವಲ್ಲಿ, ನಡೆದು ಗಟ್ಟಿಯಾದ ನೆಲದಲ್ಲಿ ಬರುವ ಒರಟು ಹುಲ್ಲುಗಳನ್ನು ತೆನೆ ಬಿಡುವ ಮೊದಲು ಕಿತ್ತು, ನೆಲವನ್ನು ಕವೆಗೋಲಿನಿಂದ ಚುಚ್ಚಿ ಸಡಿಲಿಸಿದರೆ ಸಾಕು.

ಕಳೆನಾಶಕದ ವಿಚಾರದಲ್ಲಿ ನಾನು ಅಂಜುಬುರುಕನಾದದ್ದಕ್ಕೆ ಕಾರಣವಿದೆ. ತೋಟಕ್ಕೆ 2,4-ಡಿ ಎಂಬ ಕಳೆನಾಶಕ ಹೊಡೆದ ಪಂಪನ್ನು ಬರೀ ನೀರಿನಲ್ಲಿ ಒಮ್ಮೆ ಕುಲುಕಿ, ಅದರಲ್ಲಿಯೇ ದಾಸವಾಳಕ್ಕೆ ಬೇವಿನೆಣ್ಣೆ ಸಿಂಪಡಿಸಿದ್ದೆ. ವಾರದೊಳಗೆ ಚಿಗುರುಗಳು ಹಗ್ಗದಂತೆ ಮುರುಟಿಕೊಂಡವು. 2,4-ಡಿ ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲನ್ನು ಬಹುಮಟ್ಟಿಗೆ ಉಳಿಸುತ್ತದೆ ಎಂಬುದು ನಿಜ. ಆದರೆ ಬೇಲಿಯಾಚೆ ಇರುವ ಕಾಫಿಯೂ ಮೆಣಸಿನ ಬಳ್ಳಿಯೂ ಅಗಲ ಎಲೆಯವೇ. ಅದರ ಎಸ್ಟರ್ ರೂಪವು ಆವಿಯಾಗಿಯೂ ಹರಡುವುದರಿಂದ ಮನೆಯ ಹತ್ತಿರಕ್ಕೆ ಅದರ ಅಮೈನ್ ಲವಣದ ರೂಪ ವಾಸಿ. ಕೆಲವು ಅಗಲ ಗರಿಯ ಕಾರ್ಪೆಟ್ ಹುಲ್ಲುಗಳಿಗೂ ಇದು ತಾಗುತ್ತದೆ, ಆದ್ದರಿಂದ ಮೊದಲು ಒಂದು ಚದರ ಮೀಟರಿನಲ್ಲಿ ಪರೀಕ್ಷಿಸಿ ನೋಡಬೇಕು. ಗ್ಲೈಫೋಸೇಟ್ ಹುಲ್ಲುಹಾಸನ್ನೂ ಸೇರಿಸಿ ಸುಡುವುದರಿಂದ ಅದನ್ನು ಹಾಸಿನ ಮೇಲೆ ಬಳಸಲೇಬಾರದು. ಏನನ್ನೇ ಬಳಸಿದರೂ ಗಾಳಿಯಿಲ್ಲದ, ಮಳೆಯ ಸೂಚನೆಯಿಲ್ಲದ ದಿನ ಆರಿಸಿ, ಚೀಟಿಯಲ್ಲಿ ಬರೆದ ಪ್ರಮಾಣವನ್ನು ಮೀರದೆ, ಪಂಪನ್ನು ಕಳೆಗೆಂದೇ ಪ್ರತ್ಯೇಕವಾಗಿಡಬೇಕು. ಮಳೆಗಾಲದಲ್ಲಿ ಹೊಡೆದ ಔಷಧಿ ಇಳಿಜಾರಿನಲ್ಲಿ ಕೊಚ್ಚಿಹೋಗಿ ತೋಡು, ಬಾವಿ ಸೇರುತ್ತದೆ. ಆಗ ಕೈಯೇ ಗತಿ. ಜುಲೈ ತಿಂಗಳಲ್ಲಿ ಆ ಕೈಗೂ ಕಾಲಿಗೂ ಜಿಗಣೆ ಹತ್ತುವುದರಿಂದ ಸುಣ್ಣದ ಡಬ್ಬಿ ಜೊತೆಗಿರಲಿ.

ಸಿಲ್ವರ್ ಓಕ್ ನೆರಳಿನಲ್ಲಿ ಹಬ್ಬುವ ಪಾಚಿಯನ್ನು ಕೆರೆದು ತೆಗೆಯಬಹುದು, ಆದರೆ ನೆರಳು, ನಿಂತ ನೀರು ಮತ್ತು ಹುಳಿ ಮಣ್ಣು ಹಾಗೆಯೇ ಇದ್ದರೆ ಅದು ಮುಂದಿನ ಮಳೆಗೆ ಹಿಂತಿರುಗುತ್ತದೆ. ಕೊಂಬೆ ಸವರಿ, ನೀರಿಗೆ ದಾರಿ ಮಾಡಿಕೊಡಬೇಕು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಮಣ್ಣು ಪರೀಕ್ಷೆ ಮಾಡಿಸಿಕೊಂಡು, ಅಲ್ಲಿ ಹೇಳಿದಷ್ಟು ಕೃಷಿ ಸುಣ್ಣವನ್ನು ಮಳೆಗಾಲಕ್ಕೆ ಮುಂಚೆ ಹಾಕುವುದು ಒಳ್ಳೆಯದು.

ಹೊಸ ಕಳೆಯಲ್ಲಿ ಬಹುಪಾಲು ನಾವೇ ತಂದು ಸುರಿದದ್ದು. ಸರಿಯಾಗಿ ಕೊಳೆಯದ ಕೊಟ್ಟಿಗೆ ಗೊಬ್ಬರದ ಜೊತೆ ಬೀಜವೂ, ಎಲ್ಲಿಂದಲೋ ತರಿಸಿದ ಕೆಂಪು ಮಣ್ಣಿನ ಜೊತೆ ಜೇಕಿನ ಗಡ್ಡೆಯೂ ಬರುತ್ತವೆ. ತರಿಸಿದ ಮಣ್ಣನ್ನು ಅಂಗಳದ ಅಂಚಿನಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಎರಡು ಮೂರು ವಾರ ಮೊಳಕೆ ಬರುವುದನ್ನು ನೋಡಿದ ಮೇಲೆಯೇ ಹರಡಬೇಕು. ಹುಲ್ಲನ್ನು ಒಮ್ಮೆಗೆ ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಬೋಳಿಸಿದ ಹಾಸಿನಲ್ಲಿ ನೆಲಕ್ಕೆ ಬಿಸಿಲು ತಾಗಿ ಕಳೆಬೀಜಗಳು ಮೊಳೆಯುತ್ತವೆ.

ಕಳೆ ಕಿತ್ತಲ್ಲಿ ಉಳಿಯುವ ಕುಳಿಯನ್ನು ಖಾಲಿ ಬಿಡಬಾರದು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತ ಕಳೆದು ಮಳೆ ತಗ್ಗುವ ಸೆಪ್ಟೆಂಬರ್‌ನಲ್ಲಿ, ಹಾಸು ದಟ್ಟವಾಗಿರುವ ಕಡೆಯಿಂದ ಅಂಗೈಯಗಲದ ಹುಲ್ಲಿನ ಕಂತೆಗಳನ್ನು ಮಣ್ಣುಸಹಿತ ಎತ್ತಿ ಆ ಕುಳಿಗಳಲ್ಲಿ ಕೂರಿಸಿ, ಕಾಲಿನಿಂದ ಮೆಲ್ಲಗೆ ಒತ್ತಿದರೆ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಹೊತ್ತಿಗೆ ಅವು ಬೇರು ಬಿಟ್ಟಿರುತ್ತವೆ.