ಒಂದೇ ದಿಮ್ಮಿ, ಎರಡು ಲೆಕ್ಕ

ದಿಮ್ಮಿಗಳ ಪಟ್ಟಿ ಪೂರ್ತಿ ಘನ ಮೀಟರಿನಲ್ಲಿತ್ತು. ಕೊಳ್ಳುವವರಿಗೆ ಘನ ಅಡಿಯಲ್ಲಿ ಬೇಕಿತ್ತು. ಒಂದು ಮೀಟರ್ ಅಂದರೆ 3.28084 ಅಡಿ. ಘನ ಅಳತೆ ಅಲ್ವಾ, ಉದ್ದ, ಅಗಲ, ಎತ್ತರ ಮೂರಕ್ಕೂ ಅದು ಬರಬೇಕು. ಮೂರು ಸಲ ಗುಣಿಸಿದರೆ 35.315. ಎಲ್ಲ ಸಾಲನ್ನೂ ಅದರಿಂದ ಗುಣಿಸಿ ಪಟ್ಟಿ ಕೊಟ್ಟುಬಿಟ್ಟೆ.

ಬಂದವರು ಹಿರಿಯರು. ಮೊದಲ ದಿಮ್ಮಿಗೇ ಟೇಪು ಸುತ್ತಿ, ಮೊಬೈಲಿನಲ್ಲಿ ಏನೋ ಒತ್ತಿ, "ಏನ್ರೀ, ಹನ್ನೆರಡು ಅಡಿ ಅಂತ ಬರೆದಿದ್ದೀರಿ, ನನಗೆ ಒಂಬತ್ತೂವರೆ ಬರ್ತಿದೆ" ಅಂದರು. ನನಗೆ ಮುಖ ಬಿಸಿಯಾಯಿತು. ಮತ್ತೆ ಅಳೆದೆವು. ಸುತ್ತಳತೆ 1.20 ಮೀಟರ್, ಉದ್ದ 3 ಮೀಟರ್. ಇಬ್ಬರ ಅಳತೆಯೂ ಒಂದೇ!

ವ್ಯತ್ಯಾಸ ಇದ್ದದ್ದು ಸೂತ್ರದಲ್ಲಿ. ನನ್ನ ಪಟ್ಟಿ ದಿಮ್ಮಿಯನ್ನು ಗುಂಡಗೆ ಹಿಡಿದಿತ್ತು: ಸುತ್ತಳತೆಯ ವರ್ಗವನ್ನು 12.566ರಿಂದ (ಪೈಯ ನಾಲ್ಕರಷ್ಟು) ಭಾಗಿಸಿ, ಉದ್ದದಿಂದ ಗುಣಿಸಿದರೆ 0.344 ಘನ ಮೀಟರ್, ಅಂದರೆ 12.14 ಘನ ಅಡಿ. ಅವರದು ಕ್ವಾರ್ಟರ್ ಗರ್ತ್ ಲೆಕ್ಕ. ಸುತ್ತಳತೆಯ ಕಾಲುಭಾಗ 0.30 ಮೀಟರ್, ಅಷ್ಟು ಅಗಲದ ಚೌಕ ತೊಲೆ ಅಂತ ದಿಮ್ಮಿಯನ್ನು ಭಾವಿಸುವುದು. 0.30 × 0.30 × 3 ಅಂದರೆ 0.27 ಘನ ಮೀಟರ್, 9.53 ಅಡಿ. ಕೊಯ್ಯುವಾಗ ಬದಿಯ ಮರ ಹೇಗಿದ್ದರೂ ಹೋಗುತ್ತದಲ್ಲ, ಅದಕ್ಕೆ ಹೊಂದುವ ಲೆಕ್ಕ ಇದು. 1736ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೊಪ್ಪಸ್ ಇದಕ್ಕೆ ಕೋಷ್ಟಕಗಳನ್ನು ಅಚ್ಚು ಹಾಕಿಸಿದ. ಈ ಅಡಿಗೆ ಹೊಪ್ಪಸ್ ಅಡಿ ಅಂತಲೇ ಹೆಸರು. ದಿಮ್ಮಿ ಎಷ್ಟೇ ದಪ್ಪ ಇರಲಿ, ಇದರಲ್ಲಿ ನಿಜವಾದ ಗಾತ್ರದ ನೂರಕ್ಕೆ 78.5 ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನಿಜ ಗಾತ್ರದ ಘನ ಮೀಟರನ್ನು ಹೊಪ್ಪಸ್ ಅಡಿಗೆ ತರಲು 35.315 ಅಲ್ಲ, 27.74ರಿಂದ ಗುಣಿಸಬೇಕು.

ಈಗ ಯಾವುದೇ ಪಟ್ಟಿ ಬಂದರೂ ಮೊದಲು ಒಂದು ದಿಮ್ಮಿಯ ಸುತ್ತಳತೆ, ಉದ್ದ ಕೇಳಿ ಪಡೆದು ಎರಡೂ ರೀತಿ ಮಾಡಿ ನೋಡುತ್ತೇನೆ. ಪಟ್ಟಿಯ ಅಂಕಿ ಯಾವುದಕ್ಕೆ ಕೂಡುತ್ತದೋ ಅದೇ ಅವರ ಲೆಕ್ಕ. ಅದೇ ಕ್ವಾರ್ಟರ್ ಗರ್ತ್ ಆಗಿದ್ದರೆ 27.74ರಿಂದ ಗುಣಿಸಲೇಬಾರದು, ಎರಡು ಸಲ ಕಡಿತವಾಗುತ್ತದೆ. ಆಗ 35.315 ಸರಿ.

ಕೊಯ್ದ ಹಲಗೆಯಲ್ಲಿ ಈ ತಲೆನೋವಿಲ್ಲ, ಬೇರೊಂದಿದೆ. ಬೋರ್ಡ್ ಫೂಟ್ ಅಂದರೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪ. ಘನ ಅಡಿಗೆ 12, ಘನ ಮೀಟರಿಗೆ 423.8. ಆದರೆ 25 ಮಿಲಿಮೀಟರ್ ಹಲಗೆಯನ್ನು ಬಾಯಿಮಾತಲ್ಲಿ ಎಲ್ಲರೂ ಒಂದಿಂಚು ಅಂತಾರೆ. ಇಂಚು 25.4. ಅಗಲ 150 ಮಿಲಿಮೀಟರ್, ಉದ್ದ 2.4 ಮೀಟರ್ ಇರುವ ನೂರು ಹಲಗೆಯನ್ನು ಆರಿಂಚು, ಎಂಟಡಿ ಅಂತ ಹಿಡಿದರೆ 400 ಬೋರ್ಡ್ ಫೂಟ್. ಸರಿಯಾಗಿ ಪರಿವರ್ತಿಸಿದರೆ 381. ಸುಮ್ನೆ ಬಾಯಿಮಾತಿಗೆ ಹತ್ತೊಂಬತ್ತು ಜಾಸ್ತಿ.

ಇನ್ನೊಂದು, ಪ್ರತಿ ಸಾಲಲ್ಲೂ ದಶಮಾಂಶ ಕತ್ತರಿಸಬೇಡಿ. 0.3438 ಅನ್ನು 0.34 ಮಾಡಿದರೆ ಅರವತ್ತು ದಿಮ್ಮಿಗೆ ಎಂಟು ಘನ ಅಡಿ ಹೋಗುತ್ತದೆ. ನಾನು ಮೊತ್ತ ಬಂದ ಮೇಲಷ್ಟೇ ಎರಡು ಸ್ಥಾನಕ್ಕೆ ಇಳಿಸುತ್ತೇನೆ. ಪಟ್ಟಿಯ ತಲೆಯಲ್ಲಿ "ಘನ ಅಡಿ" ಅಂತಷ್ಟೇ ಬರೆಯುವುದನ್ನೂ ಬಿಟ್ಟಿದ್ದೇನೆ. "ಘನ ಅಡಿ, ಗುಂಡು ಲೆಕ್ಕ" ಅಥವಾ "ಘನ ಅಡಿ, ಕ್ವಾರ್ಟರ್ ಗರ್ತ್" ಅಂತ ಪೂರ್ತಿ ಬರೆಯುತ್ತೇನೆ.