ಪೊಲ್ಲಿಲೂರು ಟೇಬಲ್ ಮೇಲೆ ಆಡಕ್ಕಾಗಲ್ಲ ಅಂದೋರಿಗೆ: ನನ್ನ ಅನುಭವ

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ರ ಪೊಲ್ಲಿಲೂರಲ್ಲಿ ಹೈದರ್, ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯನ ಸೋಲಿಸಿದ ಯುದ್ಧನ, ಪುಟ್ಟ ಸೈನಿಕರ ಗೊಂಬೆ, ಡೈಸ್ ಇಟ್ಕೊಂಡು ಆಡೋ ಯುದ್ಧದಾಟ ಮಾಡಿ ಟೇಬಲ್ ಮೇಲೆ ತರ್ತೀನಿ ಅಂದಾಗ ನಮ್ ಗುಂಪಲ್ಲಿ ಒಬ್ರೂ ಒಪ್ಪಿರಲಿಲ್ಲ. ಕಂಪನಿಯ ಕರ್ನಲ್ ಬೇಯ್ಲಿ ಹತ್ರ ಇದ್ದಿದ್ದು ಮೂರು ಸಾವಿರದ ಎಂಟ್ನೂರು ಜನ ಆಸುಪಾಸು, ಟಿಪ್ಪು ಹತ್ರನೇ ಹತ್ತು ಸಾವಿರ, ಹಿಂದೆ ಹೈದರಾಲಿಯ ಇಡೀ ದಂಡು. ಗೊಂಬೆ ಜೋಡಿಸೋ ಹೊತ್ಗೇ ಯಾರು ಗೆಲ್ತಾರೆ ಅಂತ ಗೊತ್ತು, ಇದ್ರಲ್ಲಿ ಆಟ ಎಲ್ಲಿ ಬಂತು, ಗಾಜಿನ ಪೆಟ್ಟಿಗೇಲಿ ಡಯೋರಾಮಾ (ಬರೀ ನೋಡೋಕೆ ಇಡೋ ಗೊಂಬೆ ದೃಶ್ಯ) ಮಾಡಿಡು ಅಂದ್ರು. ಈಗ ಅದೇ ಜನ ಬೇಯ್ಲಿ ಸೈಡ್ ನಂಗೆ ಕೊಡು ಅಂತ ಕಿತ್ತಾಡ್ತಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ದುಡ್ಡಿನ ವಿಷ್ಯ, ಎಲ್ರೂ ಕೇಳೋದೂ ಅದನ್ನೇ. 28 ಎಂಎಂ ಎತ್ತರದ ಮೆಟಲ್ ಗೊಂಬೆ ಹೊರಗಡೆಯಿಂದ ತರಿಸಿದ್ರೆ ಶಿಪ್ಪಿಂಗು ಕಸ್ಟಮ್ಸು ಎಲ್ಲ ಸೇರಿ ಒಂದಕ್ಕೆ ಮುನ್ನೂರು ರೂಪಾಯಿ ಹತ್ರ ಬೀಳ್ತಿತ್ತು, ಕುದುರೆ ಸವಾರ ಆದ್ರೆ ಇನ್ನೂ ಜಾಸ್ತಿ, ಅದೂ ಮೈಸೂರು ಸೈನ್ಯ ಅಂತ ಬೇಕಾದಷ್ಟು ವೆರೈಟಿ ಸಿಗಲ್ಲ. ಒಂದು ಪಾರ್ಸೆಲ್ ತಿಂಗಳುಗಟ್ಲೆ ಸಿಕ್ಹಾಕ್ಕೊಂಡು ಕೊನೆಗೆ ಬಿಲ್ ಮೊತ್ತದ ಮುಕ್ಕಾಲು ಭಾಗ ಡ್ಯೂಟಿನೇ ಕಟ್ಟಿ ಬಿಡಿಸ್ಕೊಂಡೆ. ಒಂದು ಲಕ್ಷ ಇಟ್ಕೊಂಡ್ರೂ ಆ ಸ್ಕೇಲಲ್ಲಿ ದಂಡು ದಂಡಿನ ಹಾಗೆ ಕಾಣಲ್ಲ. ಹಾಗಾಗಿ 6 ಎಂಎಂಗೆ ಇಳಿದೆ, ರೆಸಿನ್ ಅನ್ನೋ ದ್ರವನ ಪದರ ಪದರವಾಗಿ ಗಟ್ಟಿ ಮಾಡಿ ಗೊಂಬೆ ಮಾಡೋ 3ಡಿ ಪ್ರಿಂಟರ್ ತಗೊಂಡೆ. ಪ್ರಿಂಟರ್ ಇಪ್ಪತ್ತೆರಡು ಸಾವಿರ ಚಿಲ್ಲರೆ, ರೆಸಿನ್ ಮೂರು ಲೀಟರ್ ಮುಗೀತು, ಪ್ರಿಂಟ್ ತೊಳೆಯೋ ಐಪಿಎ, ಗ್ಲೌಸು, ಬಣ್ಣ, ಎಂಡಿಎಫ್ ಬೇಸ್ (ಗೊಂಬೆಗಳ ಗುಂಪು ಅಂಟಿಸೋ ಹಲಗೆ ತುಂಡು) ಎಲ್ಲ ಸೇರಿ ಮೂವತ್ತೈದು ಸಾವಿರದೊಳಗೆ ಎರಡೂ ಕಡೆ ಸೈನ್ಯ ಆಯ್ತು. ಅಂದಾಜು ಸಾವಿರದ ಇನ್ನೂರು ಗೊಂಬೆ, ತೊಂಬತ್ತು ಬೇಸ್. ಈ ರೇಟಲ್ಲಿ ಇಷ್ಟು ದೊಡ್ಡ ಮೈಸೂರು ಸೈನ್ಯ ಇನ್ಯಾರೂ ಕಟ್ಟಿದ್ದು ನಾನಂತೂ ನೋಡಿಲ್ಲ.

ಆದ್ರೆ ಸುಲಭಕ್ಕೆ ಆಗ್ಲಿಲ್ಲ. ಡಿಸೆಂಬರ್ ಜನವರಿ ರಾತ್ರಿ ಮೈಸೂರಿನ ಚಳೀಗೆ ರೆಸಿನ್ ಮಂದವಾಗಿ ಪ್ರಿಂಟರ್ ಪ್ಲೇಟಿಗೆ ಅಂಟೋದೇ ಇಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ಇಡೀ ಪಟಾಲಂ ತೊಟ್ಟಿ ತಳದಲ್ಲಿ ಮುದ್ದೆಯಾಗಿ ಬಿದ್ದಿರ್ತಿತ್ತು. ರೆಸಿನ್ ಬಾಟಲನ್ನ ಬಿಸಿನೀರಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಸುರಿದ್ರೆ ಸರಿಹೋಯ್ತು. ಬಯೊನೆಟ್ (ಬಂದೂಕಿನ ತುದಿಯ ಚೂರಿ) ಮುರಿಯೋದು ಇನ್ನೊಂದು ಕಾಟ, ಸ್ಲೈಸರ್‌ಗೆ (ಫೈಲನ್ನ ಪ್ರಿಂಟಿನ ಪದರಗಳಾಗಿ ಸೀಳೋ ಸಾಫ್ಟ್‌ವೇರ್) ಹಾಕೋ ಮುಂಚೆ ಫೈಲಲ್ಲೇ ದಪ್ಪ ಮಾಡ್ಕೊಬೇಕು, ಎರಡು ಪಟ್ಟು ದಪ್ಪ ಮಾಡಿದ್ರೂ ಮೂರಡಿ ದೂರದಿಂದ ಕಣ್ಣಿಗೆ ಗೊತ್ತಾಗಲ್ಲ. ಯುದ್ಧಭೂಮಿಯ ನೆಲದ ಥರ ಕಾಣ್ಲಿ ಅಂತ ಒಣಗಿಸಿದ ಕಾಫಿ ಚರಟ ಹಾಕಿ ನೋಡಿದೆ, ಮಳೆಗಾಲ ಬಂದಿದ್ದೇ ಬೂಸ್ಟು ಹಿಡೀತು. ಈಗ ಜರಡಿ ಹಿಡಿದ ಮರದ ಹೊಟ್ಟಿಗೆ ಪೋಸ್ಟರ್ ಕಲರ್ ಕಲಸಿ ಫೆವಿಕಾಲಲ್ಲಿ ಅಂಟಿಸ್ತೀನಿ, ಕೆ.ಜಿ. ಲೆಕ್ಕದಲ್ಲಿ ಹೆಚ್ಚೂಕಮ್ಮಿ ಪುಕ್ಕಟೆ.

ಬಣ್ಣಕ್ಕೆ ಎಲ್ರೂ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಪಶ್ಚಿಮ ಗೋಡೆ ಮೇಲಿರೋ ಇದೇ ಯುದ್ಧದ ಚಿತ್ರ ತೋರಿಸ್ತಾರೆ. ನಾನೂ ಅದರ ಮುಂದೆ ಗಂಟೆಗಟ್ಲೆ ನಿಂತಿದೀನಿ, ಬೇಯ್ಲಿ ಪಲ್ಲಕ್ಕಿಯಲ್ಲಿ, ಸುತ್ತ ನಾಲ್ಕೂ ದಿಕ್ಕಿಗೆ ಮುಖ ಮಾಡಿ ನಿಂತ ಕೆಂಪು ಕೋಟಿನವರ ಚೌಕ, ಮದ್ದಿನ ಗಾಡಿ ಸಿಡೀತಿರೋದು. ಕೈ ನಡುಗುತ್ತೆ ನೋಡಿದ್ರೆ, ಅಷ್ಟು ಜೀವ ಇದೆ. ಆದ್ರೆ ಆ ಅರಮನೆನೇ ಕಟ್ಟಿದ್ದು 1784ರಲ್ಲಿ, ಆಮೇಲೆ ಆ ಗೋಡೆ ಮೇಲೆ ಬ್ರಿಟಿಷರ ಕಾಲದಲ್ಲಿ ಮತ್ತೆ ಬಣ್ಣನೂ ಬಿದ್ದಿದೆ, ಹಾಗಾಗಿ ಯೂನಿಫಾರ್ಮಿಗೆ ಅದನ್ನೇ ಪ್ರಮಾಣ ಅಂತ ಹಿಡಿಬೇಡಿ. ಟಿಪ್ಪು ಸೈನಿಕರ ಬಟ್ಟೆ ಮೇಲೆ ಎಲ್ರೂ ಬಳಿಯೋ ಹುಲಿಪಟ್ಟೆ ನಾನು ಹಾಕ್ಲಿಲ್ಲ. 1780ರಲ್ಲಿ ಇನ್ನೂ ಹೈದರನ ಆಳ್ವಿಕೆ, ಟಿಪ್ಪು ಪಟ್ಟಕ್ಕೆ ಬಂದಿದ್ದು 1782ರ ಕೊನೇಲಿ. ಹುಲಿಪಟ್ಟೆ ಕಣ್ಣಿಗೆ ಚೆಂದ ಅಂತ ಎಲ್ಲಾ ಕಾಲಕ್ಕೂ ಬಳಿಯೋದು ನಂಗೆ ಒಪ್ಪಿಗೆ ಇಲ್ಲ.

ಈಗ ಅಸಲು ವಿಷ್ಯ. ಪೊಲ್ಲಿಲೂರು ಆಡಿಸೋರೆಲ್ಲ 10ರ ಬೆಳಿಗ್ಗೆಯಿಂದ ಶುರು ಮಾಡ್ತಾರೆ, ತೋಪುಗಳು ಬೆಂಕಿ ಕಾರೋಕೆ ಶುರುವಾದ ಮೇಲೆ. ಅಷ್ಟೊತ್ತಿಗೆ ಬೇಯ್ಲಿ ಸೋತಾಗಿದೆ, ಉಳಿದಿರೋದು ಬರೀ ಡೈಸ್ ಉರುಳಿಸೋದು. ಆಟ ಇರೋದು ಹಿಂದಿನ ರಾತ್ರೀಲಿ. ಮನ್ರೋ ದಂಡನ್ನ ಸೇರ್ಕೊಳ್ಳೋಕೆ 9ರ ರಾತ್ರಿ ಪೆರಂಬಾಕ್ಕಂ ಅನ್ನೋ ಊರಿಂದ ಹೊರಟ ಬೇಯ್ಲಿ ದಾರೀಲಿ ನಿಂತ್ಬಿಟ್ಟ, ಬೆಳಗಾಗ್ಲಿ ಅಂತ. ಕಾಂಚೀಪುರದಲ್ಲಿ ಕಂಪನಿ ಸೇನಾಪತಿ ಹೆಕ್ಟರ್ ಮನ್ರೋ ಕೂತಿದ್ದಾನೆ, ಬಕ್ಸರ್ ಯುದ್ಧ ಗೆದ್ದ ಅದೇ ಮನ್ರೋ, ಹದಿನೈದು ಕಿ.ಮೀ. ಆಸುಪಾಸು ದೂರ. ಅದೇ ರಾತ್ರಿ ಹೈದರ್ ಮನ್ರೋಗೆ ಸುಳಿವೇ ಕೊಡದೆ ಡೇರೆ ಕಿತ್ತು ಪೊಲ್ಲಿಲೂರು ಕಡೆ ನಡೆದುಬಿಟ್ಟ. ಎಂಥಾ ನಡೆ ಅದು! ಇಡೀ ಯುದ್ಧದ ಕೀಲಿ ಅಲ್ಲಿದೆ. ಹಾಗಾಗಿ ನನ್ನ ಆಟ 9ರ ರಾತ್ರಿ ಒಂಬತ್ತಕ್ಕೆ ಶುರು, ಒಂದು ಟರ್ನ್ ಅಂದ್ರೆ ಅರ್ಧ ಗಂಟೆ, ಮತ್ತೆ ಬೇಯ್ಲಿ ಆಡೋರಿಗೆ ಟೇಬಲ್ ಪೂರ್ತಿ ಕಾಣಿಸೋದೇ ಇಲ್ಲ. ಅಂಪೈರ್ ಹತ್ರ ನಕ್ಷೆ ಇರುತ್ತೆ, ಅವನು ಏನು ಕೇಳಿಸ್ತು ಏನು ಕಾಣಿಸ್ತು ಅಷ್ಟೇ ಹೇಳ್ತಾನೆ. ಪ್ರಷ್ಯಾ ಸೈನ್ಯದೋರು 1824ರಿಂದ್ಲೇ ಹೀಗೆ ಅಂಪೈರ್ ಇಟ್ಕೊಂಡು ಆಡ್ತಿದ್ರು, ಹೊಸದೇನಲ್ಲ, ನಮ್ಮಲ್ಲಿ ಅಂಪೈರ್ ಆಗೋಕೆ ಯಾರೂ ಒಪ್ಪಲ್ಲ ಅಷ್ಟೇ.

ಮನ್ರೋ ಏನು ಮಾಡ್ದ ಅಂತ ಹೇಳೋ ಕಾರ್ಡುಗಳ ಕಟ್ಟು ಒಂದಿದೆ, ಅದಕ್ಕೆ ಮನ್ರೋ ಕಟ್ಟು ಅಂತೀನಿ; ಪ್ರತಿ ಟರ್ನಲ್ಲೂ ಅದರಿಂದ ಒಂದು ಕಾರ್ಡ್ ತೆಗೀಬೇಕು, ನೋಡೋದು ಅಂಪೈರ್ ಒಬ್ನೇ. ಕೂತ, ಹೊರಟ, ದಾರಿ ತಪ್ಪಿದ, ವಾಪಸ್ ಹೋದ. ಯಾವ ಕಾರ್ಡ್ ಎಷ್ಟು ಅನ್ನೋದು ನಾನು ಹೇಳಲ್ಲ, ಅದನ್ನ ಹದಕ್ಕೆ ತರೋಕೇ ಒಂದು ವರ್ಷ ಹಿಡಿದಿದೆ, ಮತ್ತೆ ಹೇಳ್ಬಿಟ್ರೆ ನಮ್ ಟೇಬಲಲ್ಲಿ ಆಡೋರು ಲೆಕ್ಕ ಹಾಕ್ತಾ ಕೂರ್ತಾರೆ.

ಇನ್ನು ಧೂಳು. ಅವತ್ತು ಬೆಳಿಗ್ಗೆ ದೂರದಲ್ಲಿ ಧೂಳೆದ್ದಿದ್ದು ನೋಡಿ ಬೇಯ್ಲಿ ಕಡೆಯೋರು ಮನ್ರೋ ಬಂದ ಅಂತ್ಲೇ ತಿಳ್ಕೊಂಡ್ರು, ಬಂದಿದ್ದು ಹೈದರ್. ಅದನ್ನ ಹಾಗೇ ಆಟಕ್ಕೆ ತಂದೆ. ತೆಂಗಿನ ನಾರನ್ನ ಬಿಡಿಸಿ, ಕಾವಿ ಪುಡಿ ಉದುರಿಸಿ, ಅಂಗೈಯಗಲದ ಉಂಡೆ ಮಾಡಿ, ಅದರ ಕೆಳಗೆ ಒಂದು ಚೀಟಿ ಮಗುಚಿ ಇಟ್ಟು ಟೇಬಲ್ ಅಂಚಿಗೆ ಇಡೋದು. ಮನ್ರೋನೂ ಇರ್ಬಹುದು, ಹೈದರ್ ಕುದುರೆನೂ ಇರ್ಬಹುದು, ಏನೂ ಇಲ್ದೆನೂ ಇರ್ಬಹುದು. ಹನ್ನೆರಡು ಇಂಚು ಹತ್ರ ಬರೋವರೆಗೂ ತಿರುಗಿಸೋ ಹಾಗಿಲ್ಲ. ಬೇಯ್ಲಿ ಆಡೋನು ಅಷ್ಟರೊಳಗೆ ತೀರ್ಮಾನ ಮಾಡ್ಬೇಕು: ಅದರ ಕಡೆ ನಡೀಬೇಕಾ, ಚೌಕ ಕಟ್ಬೇಕಾ. ಮೊದ್ಲ ಸಲ ಆಡಿಸಿದಾಗ, ಆಡಕ್ಕಾಗಲ್ಲ ಅಂತ ಎಲ್ರಿಗಿಂತ ಜೋರಾಗಿ ವಾದಿಸಿದ್ದ ಗೆಳೆಯ ಆ ಉಂಡೆ ನೋಡ್ತಾ ಕೈಯಲ್ಲಿ ಡೈಸ್ ಹಿಡ್ಕೊಂಡು ಹತ್ತು ನಿಮಿಷ ಉಸಿರೆತ್ತಲಿಲ್ಲ. ಕೊನೆಗೆ ನಡೆದ. ಚೀಟೀಲಿ ಹೈದರ್ ಇದ್ದ.

ಗೆಲುವಿನ ಲೆಕ್ಕನೂ ಬದಲಾಯಿಸಿದೆ. ಬೇಯ್ಲಿ ಗೆಲ್ಲಬೇಕಾಗಿಲ್ಲ, ಹತ್ತೊಂಬತ್ತು ಬೇಸಲ್ಲಿ ಎಂಟನ್ನ ಕಾಂಚಿ ಕಡೆ ಅಂಚು ದಾಟಿಸಿದ್ರೆ ಸಾಕು. ಟಿಪ್ಪು ಆಡೋರಿಗೆ ಕಷ್ಟ ಬೇರೆ ಥರ, ರಾತ್ರಿ ಕಾಟ ಕೊಟ್ಟು ನಿಲ್ಲಿಸ್ಬೇಕು, ಅಷ್ಟರಲ್ಲಿ ಸ್ವಂತ ಕುದುರೆ ಸವೀಬಾರ್ದು. ಇಷ್ಟು ಸಲ ಆಡಿಸಿದ್ರಲ್ಲಿ ಹೆಚ್ಚಿನಂಶ ಬೇಯ್ಲಿ ಮುಗಿದೇ ಹೋಗಿದಾನೆ, ರಾತ್ರಿ ನಿಲ್ದೆ ನಡೆದವರು ಮಾತ್ರ ಒಂದಷ್ಟು ಉಳಿಸ್ಕೊಂಡು ಹೋಗಿದಾರೆ. ನನ್ನ ಪ್ರಕಾರ ಇದು ಸರಿಯಾಗೇ ಇದೆ.

ಮೈಸೂರು ಸೈನ್ಯದ ರಾಕೆಟ್ ಬಗ್ಗೆ ನೂರೆಂಟು ವಾದ ಆಯ್ತು. ಕೆಲವರು ತೋಪಿನಷ್ಟೇ ಬಲ ಕೊಡು ಅಂದ್ರು, ಕೊಟ್ರೆ ಆಟ ಮೂರೇ ಟರ್ನಿಗೆ ಮುಗಿಯುತ್ತೆ. ಶಿವಮೊಗ್ಗ ಮ್ಯೂಸಿಯಂನಲ್ಲಿ ನಗರ ಅನ್ನೋ ಊರಿನ ಬಾವೀಲಿ ಸಿಕ್ಕ ಆ ಕಾಲದ ರಾಕೆಟ್ ಇದಾವಲ್ಲ, 2018ರಲ್ಲಿ ಸಾವಿರಕ್ಕೂ ಮೇಲೆ ಸಿಕ್ತು, ಹೋಗಿ ನೋಡಿ. ಕಬ್ಬಿಣದ ಗಟ್ಟಿ ಕೊಳವೆ ಅದು, ಅದಕ್ಕೇ ಅಷ್ಟು ಒತ್ತಡ ತಡ್ಕೊಂಡು ದೂರ ಹೋಗ್ತಿತ್ತು, ಆದ್ರೆ ಗುರಿ ಅನ್ನೋದು ತೋಪಿನಷ್ಟು ಇರಲ್ಲ. ಹಾಗಾಗಿ ನನ್ನ ರೂಲಲ್ಲಿ ರಾಕೆಟ್ ಜನಾನ ಕೊಲ್ಲೋದು ಕಮ್ಮಿ, ಎತ್ತುಗಳನ್ನ ಬೆದರಿಸೋದು ಜಾಸ್ತಿ. ತೋಪು, ಮದ್ದಿನ ಗಾಡಿ ಎಳೀತಿದ್ದಿದ್ದು ಎತ್ತುಗಳೇ ತಾನೆ, ಎತ್ತು ಬೆದರಿದ್ರೆ ಇಡೀ ಸಾಲು ನಿಲ್ಲುತ್ತೆ. ಮದ್ದಿನ ಗಾಡಿಯಿಂದ ನಾಲ್ಕು ಇಂಚೊಳಗೆ ತೋಪಿನ ಗುಂಡಾಗ್ಲಿ ರಾಕೆಟ್ಟಾಗ್ಲಿ ಬಿದ್ರೆ ಎರಡು ಡೈಸ್, ಎರಡೂ ಆರು ಬಿದ್ರೆ ಸಿಡೀತು, ಆಮೇಲೆ ಬೇಯ್ಲಿಗೆ ಎರಡು ಟರ್ನಿಗೆ ಆಗೋಷ್ಟು ಮದ್ದು ಮಾತ್ರ. ರಾಕೆಟ್ ಹೊಗೆ ಬಾಲ ಹೇಗೆ ಮಾಡಿದೆ ಅಂತ ಎಲ್ರೂ ಕೇಳ್ತಾರೆ. ಹತ್ತಿ ಅಲ್ಲ ಅಂತ ಮಾತ್ರ ಹೇಳ್ತೀನಿ.

ಇದೇ ರೂಲ್ಸ್ ಹಿಡ್ಕೊಂಡು ತಾಳಿಕೋಟೆ 1565 ಆಡಿಸೋಕೆ ಹೋದೆ, ಕೂಡಿಬರ್ಲಿಲ್ಲ. ಅಲ್ಲಿ ಎಲ್ಲಾ ನಿಂತಿರೋದು ರಾಮರಾಯ ಒಬ್ಬನ ಮೇಲೆ, ಅವನು ಸಿಕ್ಕಿಬಿದ್ದ ತಕ್ಷಣ ಸೈನ್ಯ ಚದುರಿತು, ಧೂಳಿನ ಉಂಡೆಗೆ ಅಲ್ಲಿ ಕೆಲಸ ಇಲ್ಲ. ಅದಕ್ಕೆ ಬೇರೆ ದಾರಿ ಹುಡುಕ್ತಿದೀನಿ. ರಾಜಸ್ಥಾನದ ಗಡಿ ಠಾಣೆ ಲೋಂಗೇವಾಲಾದ ಯುದ್ಧ ಮಾತ್ರ ಬೆಣ್ಣೆ ಥರ ಕೂತ್ಕೊಂಡ್ತು. 1971ರ ಡಿಸೆಂಬರ್ 4ರ ರಾತ್ರಿ, ಮೇಜರ್ ಚಾಂದ್‌ಪುರಿ ಹತ್ರ 23 ಪಂಜಾಬ್ ಬೆಟಾಲಿಯನ್ನಿನ ನೂರಿಪ್ಪತ್ತು ಜನ, ಎದುರಿಗೆ ಪಾಕಿಸ್ತಾನದ ನಲವತ್ತಕ್ಕೂ ಮೇಲೆ ಟ್ಯಾಂಕ್, ನಮ್ಮ ವಾಯುಪಡೆಯ ಹಂಟರ್ ವಿಮಾನ ಕತ್ಲಲ್ಲಿ ಹಾರೋ ಹಾಗಿಲ್ಲ. ಮನ್ರೋ ಕಟ್ಟಿನ ಜಾಗಕ್ಕೆ ಬೆಳಗಿನ ಗಡಿಯಾರ ಬಂತು ಅಷ್ಟೇ. ಪಾಕಿಸ್ತಾನದೋರು ಮುಳ್ಳುತಂತಿ ನೋಡಿ ಮೈನ್ ಹಾಕಿದಾರೆ ಅಂತ ನಿಂತ್ರಲ್ಲ, ಅದಕ್ಕೂ ಮಗುಚಿಟ್ಟ ಚೀಟಿನೇ. ಟ್ಯಾಂಕ್ ಪ್ರಿಂಟ್ ಮಾಡೋಕೆ ಎರಡು ರಾತ್ರಿ, ರೆಸಿನ್ ಇನ್ನೂರು ರೂಪಾಯಿದೂ ಆಗ್ಲಿಲ್ಲ.

ಆಡಿಸೋರು ಅಂಪೈರ್ ಆಗೋನನ್ನ ಮೊದ್ಲು ಹುಡುಕ್ಕೊಳ್ಳಿ, ಗೊಂಬೆ ಆಮೇಲೆ. ಮುಖದಲ್ಲಿ ಏನೂ ತೋರಿಸ್ಕೊಳ್ದೇ ಇರೋನು ಬೇಕು. ಬೇಸ್ ಅಳತೆ 60 ಬೈ 30 ಎಂಎಂ, ಒಂದು ಬೇಸ್ ಅಂದ್ರೆ ಯುದ್ಧದಲ್ಲಿದ್ದ ಇನ್ನೂರು ಜನ, ಟೇಬಲ್ ಮೇಲಿನ ಒಂದು ಇಂಚಿಗೆ ಐವತ್ತು ಮೀಟರ್, ಆರಡಿಗೆ ನಾಲ್ಕಡಿ ಟೇಬಲ್ ಸಾಕು.