ಬಾವಿಕಟ್ಟೆ ಪಕ್ಕ ಮರಜರಿ: ನನ್ನ ಅನುಭವ

ನಮ್ದು ತೀರ್ಥಹಳ್ಳಿ ಕಡೆ. ಇಲ್ಲಿ ಹಳ್ಳದ ದಂಡೆ ಹಿಡಿದು ನಡೆದ್ರೆ ಮರಜರಿ (ಮರದ ಥರ ಕಾಂಡ ಬಿಟ್ಟು ಬೆಳೆಯೋ ಜರೀಗಿಡ, ಟ್ರೀ ಫರ್ನ್) ಕಾಣ್ಸೋದು ಏನೂ ದೊಡ್ಡ ವಿಷಯ ಅಲ್ಲ, ಕಪ್ಪು ಕಾಂಡ, ಮೇಲೆ ಕೊಡೆ ಬಿಚ್ಚಿದ ಹಾಗೆ ಎಲೆ, ದೂರದಿಂದ ನೋಡಿದವರು ಬೈನೆ ಮರ ಅಂದ್ಕೊಂಡು ಸುಮ್ನಾಗ್ತಾರೆ. ನಂಗೆ ಅದನ್ನ ಮನೆ ಹತ್ರ ಬೆಳೆಸೋ ಹುಚ್ಚು ಹತ್ತಿದ್ದು ಮಾತ್ರ ಮೆಲ್ಬರ್ನಲ್ಲಿರೋ ಭಾವನಿಂದ. ಬೇರೂ ಇಲ್ಲದ ಎಲೆನೂ ಇಲ್ಲದ ಬರೀ ಮರಜರಿ ಕೊರಡು ನರ್ಸರಿಯಿಂದ ತಂದು ನೆಟ್ಟು, ಕೆಲವು ತಿಂಗಳಾದ್ಮೇಲೆ ಚಿಗುರಿನ ಫೋಟೋ ಕಳಿಸಿದ್ರು.

ಅದೇ ವರ್ಷ ನಮ್ಮ ತೋಟದ ಕೆಳಗೆ ಹೂಳು ತೆಗೆಯೋಕೆ ಬಂದ ಜೆಸಿಬಿಗೆ ಸಿಕ್ಕಿ ಆಳೆತ್ತರದ ಮರಜರಿ ಒಂದು ಉರುಳಿತ್ತು. ಸರಿ, ಭಾವ ಮಾಡಿದ ಹಾಗೇ ಮಾಡೋಣ ಅಂತ ಬುಡ ಕೊಯ್ದು ತಂದು ಬಾವಿಕಟ್ಟೆ ಪಕ್ಕ ನೆಟ್ಟೆ, ದಿನಾ ಬೆಳಿಗ್ಗೆ ಸಂಜೆ ನೀರು, ತಿಂಗಳು ಕಾದು ಸುಳಿ ಹಿಡಿದು ಮೆಲ್ಲಗೆ ಎಳೆದ್ರೆ ಕೈಗೇ ಬಂತು ಮಾರಾಯ್ರೆ, ಒಳಗೆಲ್ಲ ಕೊಳೆತು ಲೊಳಲೊಳ.

ಆಮೇಲೆ ಗೊತ್ತಾಗಿದ್ದು, ಎರಡೂ ಬೇರೆ ಬೇರೆ ಜಾತಿ ಮರಜರಿ, ಭಾವಂದು ಡಿಕ್ಸೋನಿಯಾ ಅಂಟಾರ್ಕ್ಟಿಕಾ, ನಮ್ಮ ಹಳ್ಳದ್ದು ಸಯಾಥಿಯಾ ಜೈಗಾಂಟಿಯಾ. ಡಿಕ್ಸೋನಿಯಾ ಕಾಂಡ ಅಂದ್ರೆ ಮುಕ್ಕಾಲು ಪಾಲು ಬೇರಿನ ಕಂಬಳಿನೇ, ಕೊಯ್ದು ನೆಟ್ರೂ ಹೊಸ ಬೇರು ಇಳಿಯತ್ತೆ. ಸಯಾಥಿಯಾನ ಹಾಗೆ ಕೊಯ್ದು ನೆಟ್ರೆ ಬದುಕಲ್ಲ ಅಂತಲೇ ಇಟ್ಕೊಳ್ಳಿ. ಎರಡನ್ನೂ ಬೇರೆ ಮಾಡಿ ಗುರುತಿಸೋದು ಸುಲಭ, ಸುಳಿ ಹತ್ರ ಕೈಯಾಡಿಸಿದ್ರೆ ಡಿಕ್ಸೋನಿಯಾಗೆ ಕೂದಲು, ಸಯಾಥಿಯಾಗೆ ಒಣ ಹೊಟ್ಟಿನಂಥ ಹುರುಪೆ. ಯೂಟ್ಯೂಬಲ್ಲಿ ಫಾರಿನ್ ವಿಡಿಯೋ ನೋಡಿ ಗರಗಸ ಹಿಡಿಯೋಕೆ ಮುಂಚೆ ಇದೊಂದು ನೋಡಿ.

ಕಾಡಿಂದ ಕಿತ್ತು ತರೋದಂತೂ ನಂಗೆ ಬೇಡ ಅನ್ಸ್ತು, ಹಾಗಾಗಿ ಬೀಜಕಣದಿಂದ, ಅಂದ್ರೆ ಜರೀಗಿಡ ಬೀಜದ ಬದಲು ಉದುರಿಸೋ ಧೂಳಿಂದ, ಬೆಳೆಸೋಣ ಅಂತ ಹೊರಟೆ. ಎಲೆ ಹಿಂದೆ ಕಂದು ಚುಕ್ಕೆ ಸಾಲು ಇರತ್ತಲ್ಲ, ಅದು ಬಲಿತಾಗ ಒಂದು ತುಂಡು ಎಲೆ ತಂದು ಪೇಪರ್ ಕವರಲ್ಲಿ ಹಾಕಿಟ್ರೆ ಎರಡು ದಿನಕ್ಕೆ ತಳದಲ್ಲಿ ಕಾಫಿಪುಡಿಗಿಂತ ನುಣುಪಾದ ಧೂಳು. ಮೊದಲನೇ ಸಲ ತೋಟದ ಮಣ್ಣಿಗೇ ಉದುರಿಸಿದೆ, ಹಸಿರು ಬಂತು ಅಂತ ಖುಷಿಪಟ್ರೆ ಬರೀ ಪಾಚಿ. ಎರಡನೇ ಸಲ ಇಟ್ಟಿಗೆ ಚೂರನ್ನ ಕುದಿಯೋ ನೀರಲ್ಲಿ ಮುಳುಗಿಸಿ, ಆರಿದ ಮೇಲೆ ಐಸ್‌ಕ್ರೀಂ ಡಬ್ಬಿಲಿಟ್ಟು, ತಳದಲ್ಲಿ ಅರ್ಧ ಇಂಚು ಕುದಿಸಿ ಆರಿಸಿದ ನೀರು, ಮೇಲೆ ಧೂಳು ಉದುರಿಸಿ ಮುಚ್ಚಿ, ಬಿಸಿಲು ನೇರ ಬೀಳದ ಕಿಟಕಿಲಿಟ್ಟೆ.

ಎರಡು ಮೂರು ತಿಂಗಳಿಗೆ ಇಟ್ಟಿಗೆ ಮೇಲೆ ಹಸಿರು ಬಿಲ್ಲೆಗಳು, ಒಂದೊಂದೂ ಹೆಸರುಕಾಳಿನಷ್ಟು, ಭೂತಗನ್ನಡಿ ಹಿಡಿದ್ರೆ ಸರಿಯಾಗಿ ಹೃದಯದ ಆಕಾರ. ಇದಿನ್ನೂ ಗಿಡ ಅಲ್ಲ. ಇದ್ರಲ್ಲೇ ಗಂಡು ಹೆಣ್ಣು ಎರಡೂ ಭಾಗ ಇರತ್ತೆ, ಗಂಡಿನ ಕಣ ನೀರಲ್ಲಿ ಈಜಿಕೊಂಡೇ ಹೆಣ್ಣಿನ ಹತ್ರ ಹೋಗ್ಬೇಕು, ಅದಕ್ಕೇ ಆಗಾಗ ಮಳೆನೀರು ಸ್ಪ್ರೇ ಮಾಡ್ತಿದ್ದೆ. ಇನ್ನೊಂದೆರಡು ತಿಂಗಳಿಗೆ ಹೃದಯದ ಸೀಳಿಂದ ಉಗುರಿನಷ್ಟು ಪುಟ್ಟ ಎಲೆ ಎದ್ದಾಗ ಮನೆಯವಳನ್ನ ಅಡಿಗೆಮನೆಯಿಂದ ಕರೆದು ತೋರಿಸಿದೆ, ಅವಳು "ಇಷ್ಟಕ್ಕಾ?" ಅಂದ್ಳು.

ಬದುಕಿದ್ದು ಹನ್ನೊಂದು. ಕುಂಡದಲ್ಲಿ ಒಂದು ವರ್ಷ ಇಟ್ಟು ನೆಲಕ್ಕೆ ಹಾಕಿದೆ, ಎಲೆಗೊಬ್ಬರ ಜಾಸ್ತಿ, ಸ್ವಲ್ಪ ಮರಳು, ಬುಡದ ಸುತ್ತ ದಪ್ಪ ದರಗು. ಯೂರಿಯಾ ಒಂದು ಚಿಟಿಕೆ ಹಾಕಿದ ಸಸಿ ವಾರದಲ್ಲಿ ಸುಟ್ಟು ಹೋಯ್ತು, ಆಮೇಲೆ ಹಳೇ ಕೊಟ್ಟಿಗೆ ಗೊಬ್ಬರ ಬಿಟ್ಟು ಏನೂ ಹಾಕಿಲ್ಲ. ಮಳೆಗಾಲದಲ್ಲಿ ನೋಡೋದೇ ಬೇಡ, ಕಷ್ಟ ಶುರುವಾಗೋದು ಫೆಬ್ರವರಿಯಿಂದ. ಒಣಗಾಳಿ ಬೀಸಿದ್ರೆ ಬುಡಕ್ಕೆ ಎಷ್ಟು ನೀರು ಹಾಕಿದ್ರೂ ಎಲೆ ಅಂಚು ಕರಕಲಾಗತ್ತೆ. ಅಡಿಕೆ ಸೋಗೆ ಚಪ್ಪರ ಹಾಕಿ, ಕಾಂಡಕ್ಕೂ ಸುಳಿಗೂ ದಿನಾ ನೀರು ಚಿಮುಕಿಸಿದ ಮೇಲೇ ತಡೆದಿದ್ದು. ಬೆಂಗಳೂರಲ್ಲಿ ಟೆರೇಸ್ ಮೇಲೆ ಇಡ್ತೀನಿ ಅಂತ ಕೇಳಿದ ಫ್ರೆಂಡಿಗೆ ಬೇಡ ಅಂದೆ.

ಈಗ ನೆಲಕ್ಕೆ ಹಾಕಿ ನಾಲ್ಕನೇ ವರ್ಷ, ಉಳಿದಿರೋದು ಐದು. ಎಲೆಗಳು ನನ್ನೆತ್ತರ ಬಂದಿವೆ, ಕಾಂಡ ಮಾತ್ರ ಇನ್ನೂ ಒಂದು ಗೇಣಿಲ್ಲ. ಹೊಸ ಎಲೆ ಚಕ್ಕುಲಿ ಥರ ಸುತ್ಕೊಂಡು, ಮೈತುಂಬ ಹುರುಪೆ ಹೊದ್ದು ಬರತ್ತೆ, ಬಿಚ್ಚಿದಾಗ ಅದು ಅಂಗಿಗೆಲ್ಲ ಉದುರಿ ತುರಿಸತ್ತೆ. ಬಟ್ಟೆ ಒಣಹಾಕೋ ಹಗ್ಗನ ಇದಕ್ಕೋಸ್ಕರ ಆಗ್ಲೇ ಎರಡು ಸಲ ಸರಿಸಿದ್ದಾಯ್ತು, ಮೂರನೇ ಸಲ ಕೇಳೋಕೆ ನಂಗೆ ಧೈರ್ಯ ಇಲ್ಲ.